ರೇವಣಪ್ಪ ನೋಡಿ ಬಂದ ಗಾಡಿ

ಬೀರೂರಿನಿಂದ ಅಜ್ಜಂಪುರಕ್ಕೆ ಬರುವ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದ ರೇವಣಪ್ಪ ಹಾಗೆಯೇ ತೀರಿಕೊಂಡ. ಎದುರು ಸೀಟಿನವರು ಜೊಂಪು ಹತ್ತಿದೆ ಅಂದುಕೊಂಡಿದ್ದರು. ಊರು ಬಂತು ಏಳ್ರೀ ಎಂದು ಯಾರೋ ಭುಜ ಮುಟ್ಟಿದಾಗ ಗೊತ್ತಾಯಿತು. ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ಸ್ಟೇಷನ್ನಿನ ಪಕ್ಕದಲ್ಲೇ ಅವನ ಈರುಳ್ಳಿ ಮಂಡಿ, ಮಂಡಿಯ ಹಿಂದೆ ಮನೆ. ಹೆಂಡತಿ ತೀರ್ಥಮ್ಮ ಅಂಗಳದಲ್ಲಿ ಖಾಲಿ ಗೋಣಿಚೀಲ ಒದರಿ ಮಡಿಸುತ್ತಿದ್ದಳು. ಹಮಾಲಿಗಳು ಸಾಮಾನು ಸಾಗಿಸುವ ತಳ್ಳುಗಾಡಿಯಲ್ಲಿ ಅವನನ್ನು ಮಲಗಿಸಿಕೊಂಡು ಬಂದರು. ಅವನ ಚಪ್ಪಲಿಯನ್ನು ಒಬ್ಬ ಕೈಯಲ್ಲಿ ಹಿಡಿದು ತಂದಿದ್ದ. ತೀರ್ಥಮ್ಮ ಮೊದಲು ಆ ಚಪ್ಪಲಿಗಳನ್ನು ಇಸಿದುಕೊಂಡು ಬಾಗಿಲ ಪಕ್ಕ ಜೋಡಿಸಿಟ್ಟಳು. ಆಮೇಲೆ ತಳ್ಳುಗಾಡಿಯ ಕಡೆ ನೋಡಿದಳು.

ಅತ್ತೆ ಸಾವಿತ್ರಮ್ಮ ಬೀದಿಗೆಲ್ಲ ಕೇಳುವಂತೆ ಅತ್ತರು. ಮೈದುನ ಜಯದೇವಪ್ಪ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ. ತೀರ್ಥಮ್ಮನಿಗೆ ಅಳು ಬರಲಿಲ್ಲ. ಮಾರನೆಯ ದಿನ ಮಠದ ಅಯ್ಯನವರು ಬಂದು, ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದ ಅವನನ್ನು ಹೊಲದ ಮೂಲೆಯಲ್ಲಿ ಸಮಾಧಿ ಮಾಡಿಸಿದಾಗಲೂ ಬರಲಿಲ್ಲ. ಅತ್ತುಬಿಡು, ಎದೆ ಹಗುರಾಗುತ್ತೆ ಎಂದು ಬಂದ ಹೆಂಗಸರೆಲ್ಲ ಹೇಳಿದರು. ಅವಳು ಹೂಂ ಎನ್ನುತ್ತಿದ್ದಳು. ಎದೆಯೇನೂ ಭಾರವಾಗಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆಯನ್ನು ಮುಟ್ಟಿದರೆ ತನ್ನದಲ್ಲ ಅನ್ನಿಸುತ್ತದಲ್ಲ, ಒಳಗೆಲ್ಲ ಹಾಗಿತ್ತು.

ರೇವಣಪ್ಪ ಆ ದಿನ ಕಡೂರಿಗೆ ಹೋಗಿದ್ದು ಗಾಡಿ ನೋಡಲು. ಅಜ್ಜಂಪುರದ ಸುತ್ತ ಎರೆ ನೆಲ. ಈರುಳ್ಳಿ ಕೀಳುವ ಕಾಲಕ್ಕೆ ಸರಿಯಾಗಿ ಮಳೆ ಹಿಡಿದರೆ ಆ ಕಪ್ಪು ಮಣ್ಣು ಅಂಟಾಗಿ, ಎತ್ತಿನ ಗಾಡಿಯ ಗಾಲಿಗಳು ಅಚ್ಚಿನವರೆಗೂ ಹೂತುಹೋಗುತ್ತವೆ. ಲಾರಿಗಳು ಟಾರು ಬಿಟ್ಟು ಇಳಿಯುವುದೇ ಇಲ್ಲ. ಕಿತ್ತ ಗಡ್ಡೆ ಹೊಲದಲ್ಲೇ ಕೊಳೆಯುತ್ತದೆ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಗಾಡಿಯೊಂದನ್ನು, ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಶಕ್ತಿ ಹೋಗುವಂಥದ್ದನ್ನು ತಂದು, ತರೀಕೆರೆಯ ಲಕ್ಕಣ್ಣನ ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿ, ಹೊಲದೊಳಕ್ಕೇ ಇಳಿಸಬೇಕು ಎಂಬುದು ರೇವಣಪ್ಪನ ಯೋಚನೆ. ವರ್ಷಗಟ್ಟಲೆ ಅದೇ ಮಾತು. ಊಟಕ್ಕೆ ಕೂತರೆ ಆಕ್ಸಲ್ಲು, ಎಲೆ ಅಡಿಕೆ ಹಾಕಿಕೊಂಡರೆ ಗೇರ್ ಬಾಕ್ಸು. ತೀರ್ಥಮ್ಮ ಮುದ್ದೆ ಬಡಿಸುತ್ತ ಹೂಂಗುಟ್ಟುತ್ತಿದ್ದಳು. ಅರ್ಧ ಕೇಳಿಸಿಕೊಳ್ಳುತ್ತಿದ್ದಳು, ಅರ್ಧ ಇಲ್ಲ. ಅವರಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡಿರ ಮಾತುಕತೆಯೆಂದರೆ ಹೆಚ್ಚುಪಾಲು ಅದೇ ಆಗಿತ್ತು.

ಶಿವರಾತ್ರಿ ಕಳೆದ ಮೇಲೆ ಕಡೂರಿನ ಓಂಕಾರಮೂರ್ತಿ ಮಾತಾಡಿಸಲು ಬಂದ. ಮಿಲಿಟರಿ ಹರಾಜಿನ ಗಾಡಿಗಳನ್ನು ತಂದು ಮಾರುವವನು ಅವನೇ. ಕಾಫಿ ಕುಡಿದು, ಆಮೇಲೆ ಹೇಳಿದ: ಆ ದಿನ ತಾನು ಊರಲ್ಲಿರಲಿಲ್ಲವಂತೆ. ರೇವಣಪ್ಪ ಮೂರು ಗಾಡಿ ನೋಡಿ, ಒಂದನ್ನು ಗೊತ್ತುಮಾಡಿಕೊಂಡು, ಅದನ್ನು ಯಾರಿಗೂ ಕೊಡಬೇಡಿ ನಾನು ಬರುತ್ತೇನೆ ಎಂದು ಕಾವಲಿನ ಮುದುಕನಿಗೆ ಹೇಳಿಹೋಗಿದ್ದಾನೆ. ಯಾವುದು ಅಂತ ಮುದುಕನಿಗೆ ನೆನಪಿಲ್ಲ. ಮೂರರಲ್ಲೂ ಹತ್ತಿ ಕೂತಿದ್ದರು ಎಂದಷ್ಟೇ ಹೇಳುತ್ತಾನೆ. ಬೇಡವೆಂದರೆ ಬೇಡ, ಕೇಳದೆ ಮಾರಬಾರದಲ್ಲ ಎಂದು ಬಂದೆ, ಎಂದ.

ಒಳಗಿದ್ದ ಸಾವಿತ್ರಮ್ಮ ಬಾಗಿಲಿಗೆ ಬಂದರು.

"ಆ ಗಾಡಿ ನನ್ನ ಮಗನ್ನ ತಿಂದ್ಕೊಂತು. ಅದು ಈ ಮನೆ ಮುಂದಕ್ಕೆ ಬರಕೂಡ್ದು."

"ಅವ್ರು ಹೋಗಿದ್ದು ರೈಲಲ್ಲಿ ಅತ್ತೆ," ಎಂದಳು ತೀರ್ಥಮ್ಮ.

ಎದುರಾಡಬೇಕೆಂದು ಅಂದದ್ದಲ್ಲ. ಯಾರಾದರೂ ವಾರ ತಪ್ಪಿ ಹೇಳಿದರೆ ತಿದ್ದುವಂತೆ ಹೇಳಿದಳು, ಅಷ್ಟೆ. ಸಾವಿತ್ರಮ್ಮ ಅದಾದ ಮೇಲೆ ಬಹಳ ದಿನ ಸೊಸೆಯ ಜೊತೆ ಮಾತು ಬಿಟ್ಟರು. ಊಟಕ್ಕೆ ಬನ್ನಿ ಎಂದರೆ ಬಂದು ಕೂರುತ್ತಿದ್ದರು, ಉಂಡು ಏಳುತ್ತಿದ್ದರು.

ಅದೇ ವಾರ ತೀರ್ಥಮ್ಮನ ಅಣ್ಣ ತವರಿಗೆ ಕರೆದುಕೊಂಡು ಹೋಗಲು ಬಂದಿದ್ದ. ಗಾಡಿಯ ವಿಷಯ ಒಂದು ಮುಗಿಯಲಿ ಎಂದು ಅವಳು ಅವನನ್ನು ಕಳಿಸಿಬಿಟ್ಟಳು. ಯಾಕೆ ಹಾಗೆಂದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಗಾಡಿಯ ಮೇಲೆ ಆಸೆಯೇನೂ ಇರಲಿಲ್ಲ. ನಾಳೆ ಎದ್ದರೆ ಮಾಡುವುದಕ್ಕೆ ಏನಾದರೊಂದು ಇರಬೇಕಿತ್ತು, ಇದು ಎದುರಿಗೆ ಸಿಕ್ಕಿತು.

ಕಡೂರಿಗೆ ಅವಳೂ ಜಯದೇವಪ್ಪನೂ ಬಸ್ಸಿನಲ್ಲಿ ಹೋದರು. ಜಯದೇವಪ್ಪ ರೇವಣಪ್ಪನಿಗಿಂತ ಬಹಳ ಚಿಕ್ಕವನು, ಪಿಯುಸಿ ಮುಗಿಸಿ ಮಂಡಿಯಲ್ಲೇ ನಿಂತವನು. ಲಾರಿ ಓಡಿಸಲು ಕಲಿತಿದ್ದ, ಲೈಸೆನ್ಸೂ ಇತ್ತು. ತರೀಕೆರೆಯಿಂದ ಮೆಕ್ಯಾನಿಕ್ ಲಕ್ಕಣ್ಣ ನೇರವಾಗಿ ಕಡೂರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಅಗಲ ಹೆಗಲಿನ, ಮೆಲ್ಲಗೆ ಮಾತಾಡುವ ಮನುಷ್ಯ. ತೀರ್ಥಮ್ಮನನ್ನು ನೋಡಿ, ಬಿಸಿಲು ಜೋರಾಗಿದೆ ಅಕ್ಕಾರೆ, ಎಂದ.

ಓಂಕಾರಮೂರ್ತಿಯ ಜಾಗ ಊರಾಚೆ, ಸುತ್ತ ತಗಡಿನ ಬೇಲಿ. ತೀರ್ಥಮ್ಮನಿಗೆ ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿಸಿ, ಗಂಡಸರನ್ನು ಅವನು ಗಾಡಿಗಳ ಹತ್ತಿರ ಕರೆದುಕೊಂಡು ಹೋದ. ಅವಳು ಕೂತಲ್ಲಿಂದಲೇ ನೋಡಿದಳು.

ಮೊದಲನೆಯದು ಜೀಪು. ಮೇಲಿನ ಕ್ಯಾನ್ವಾಸು ಹರಿದಿತ್ತು, ಆದರೆ ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಹತ್ತಿಕೊಂಡಿತು. ಜಯದೇವಪ್ಪ ಅದನ್ನು ಬೇಲಿಯೊಳಗೇ ಎರಡು ಸುತ್ತು ಹೊಡೆಸಿದ. ಅಣ್ಣ ಹೋದ ಮೇಲೆ ಅವನ ಮುಖದಲ್ಲಿ ಕಳೆ ಬಂದದ್ದು ಅದೇ ಮೊದಲು. ಎರಡನೆಯದು ನಿಸ್ಸಾನ್ ಟ್ರಕ್ಕು, ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ಟೈರು ಚೆನ್ನಾಗಿದ್ದವು. ಲಕ್ಕಣ್ಣ ಇಂಜಿನ್ನಿನ ಸದ್ದನ್ನು ಬಗ್ಗಿ ಕೇಳಿ, ತಲೆಯಾಡಿಸಿದ. ಇದರ ಬಿಡಿಭಾಗಗಳು ಬೆಂಗಳೂರಿನ ಗುಜರಿಯಲ್ಲಿ ಸಿಗುತ್ತವೆ, ತೊಂದರೆಯಿಲ್ಲ ಎಂದ. ಮೂರನೆಯದು ಡಾಡ್ಜ್ ಕಂಪನಿಯ ಹಳೆಯ ಟ್ರಕ್ಕು, ಬೇಲಿಯ ಮೂಲೆಗೆ ತಳ್ಳಿದ್ದರು. ಬಂಪರಿನ ಸಂದಿಯಿಂದ ಪಾರ್ಥೇನಿಯಂ ಗಿಡ ಎದ್ದಿತ್ತು. ರೇಡಿಯೇಟರ್ ಇರಲಿಲ್ಲ, ಇಂಜಿನ್ ತಿರುಗದಂತೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಸೀಟಿನ ಮೇಲೆ ಕೋಳಿಯೊಂದು ಹುಲ್ಲು ಕೂಡಿಸಿ ಗೂಡು ಮಾಡಿತ್ತು. ಮೂತಿಯಲ್ಲಿ ಉಕ್ಕಿನ ಹಗ್ಗ ಸುತ್ತಿದ ಒಂದು ರಾಟೆ; ಹೂತುಹೋದರೆ ಮರಕ್ಕೋ ಬಂಡೆಗೋ ಹಗ್ಗ ಕಟ್ಟಿ ತನ್ನನ್ನು ತಾನೇ ಎಳೆದುಕೊಳ್ಳಲು. ಮೂರನೆಯದರ ಹತ್ತಿರ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಾತು ಎರಡನೆಯದರ ಮೇಲೇ ನಿಂತಾಗ ತೀರ್ಥಮ್ಮ ಎದ್ದು ಹೋದಳು.

"ಲಕ್ಕಣ್ಣಾರೆ, ಇಂಜಿನ್ ಹೆಂಗೂ ಬದಲಾಯಿಸ್ತೀವಿ, ಡೀಸೆಲ್ ಹಾಕ್ತೀವಿ. ಬಣ್ಣನೂ ನಾವೇ ಹೊಡೀತೀವಿ. ಬದಲಾಯಿಸೋಕಾಗದ್ದು ಏನಿದೆ, ಅದನ್ನ ಮೊದ್ಲು ನೋಡ್ಬೇಕು. ಚಾಸಿ ನೆಟ್ಟಗಿದೆಯಾ, ಮುಂದ್ಗಡೆ ಆಕ್ಸಲ್ಲು ಒಡೆದಿಲ್ವಾ, ಅದು."

ಮೂವರೂ ಅವಳನ್ನೇ ನೋಡಿದರು. ಅದು ರೇವಣಪ್ಪನ ಮಾತು, ಅಕ್ಷರ ಬಿಡದೆ ಅವನದೇ. ಅವಳು ಅದನ್ನು ಈರುಳ್ಳಿಯ ಧಾರಣೆ ಹೇಳುವ ಹಾಗೆ ಹೇಳಿ ಮುಗಿಸಿದ್ದಳು. ವರ್ಷಗಟ್ಟಲೆ ಮುದ್ದೆ ಬಡಿಸುತ್ತ ಕೇಳಿದ್ದು ಒಳಗೆ ಎಲ್ಲೋ ಕೂತಿತ್ತು, ಬಾಯಿ ತೆರೆದರೆ ಬರುತ್ತಿತ್ತು. ಜಯದೇವಪ್ಪ ತಲೆ ಆ ಕಡೆ ತಿರುಗಿಸಿಕೊಂಡ.

ಲಕ್ಕಣ್ಣ, ಅದೂ ಸರಿಯೇ, ಎಂದು ಗೋಣಿಚೀಲ ಹಾಸಿ ನಿಸ್ಸಾನಿನ ಕೆಳಗೆ ತೂರಿದ. ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಕೆರೆದ. ಮುಂದಿನ ಆಕ್ಸಲ್ಲಿನ ಹೊದಿಕೆ ಯಾವತ್ತೋ ಎಲ್ಲಿಗೋ ಬಡಿದು ಸೀಳಿಹೋಗಿ, ಯಾರೋ ವೆಲ್ಡಿಂಗ್ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ಓಂಕಾರಮೂರ್ತಿ ತನಗೆ ಇದು ಗೊತ್ತೇ ಇರಲಿಲ್ಲ ಎಂದ. ಇರಲಿಕ್ಕಿಲ್ಲ. ಆಮೇಲೆ ಲಕ್ಕಣ್ಣ ಡಾಡ್ಜಿನ ಕೆಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಜಾಕು ತರಿಸಿ, ಮುಂದಿನ ಗಾಲಿಗಳನ್ನು ಒಂದೊಂದಾಗಿ ಎತ್ತಿ, ಹಿಡಿದು ಅಲ್ಲಾಡಿಸಿ ನೋಡಿದ. ಎದ್ದು ಬಂದಾಗ ಅಂಗಿಯ ಬೆನ್ನೆಲ್ಲ ಮಣ್ಣು.

"ಮೇಲೆಲ್ಲ ಹೋಗೈತೆ, ಕೆಳಗೆ ಗಟ್ಟಿ ಐತೆ. ಆದ್ರೆ ಒಂದ್ ಮಾತು ಅಕ್ಕಾರೆ, ಇದಕ್ಕೆ ಸಾಮಾನು ಸಿಗಲ್ಲ. ಏನಾರ ಮುರೀತು ಅಂದ್ರೆ ಲೇತಲ್ಲೇ ಮಾಡಿಸ್ಬೇಕು. ಅಲ್ಲೀಗಂಟ ಗಾಡಿ ನಿಂತಿರುತ್ತೆ."

ಜಯದೇವಪ್ಪ ಜೀಪಿನ ಮೇಲೆ ಕೈಯಿಟ್ಟು, ಅಣ್ಣ ಇದನ್ನೇ ಗೊತ್ತುಮಾಡಿರಬೇಕು, ಮೂರರಲ್ಲಿ ಓಡುವ ಸ್ಥಿತಿಯಲ್ಲಿ ಚೆನ್ನಾಗಿರುವುದು ಇದೊಂದೇ ಅಲ್ಲವೇ ಎಂದ. ಇದರಲ್ಲಿ ಎಷ್ಟು ಚೀಲ ಹಿಡಿಸುತ್ತದೆ ಎಂದು ತೀರ್ಥಮ್ಮ ಕೇಳಿದಳು. ಅವನು ಜೀಪಿನ ಮೇಲಿಂದ ಕೈ ತೆಗೆದ.

ಅವಳು ಡಾಡ್ಜಿನ ಬಾಗಿಲು ಎಳೆದು, ಕೋಳಿಯ ಗೂಡನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟು, ಮೇಲೆ ಹತ್ತಿ ಕೂತಳು. ಅವನು ಕೂತಿದ್ದ ಜಾಗ. ಸಾಯುವ ದಿನ, ಅದೂ ಸಾಯುವುದಕ್ಕೆ ಸ್ವಲ್ಪವೇ ಮುಂಚೆ. ಏನಾದರೂ ಅನ್ನಿಸೀತು ಎಂದು ಕಾದಳು. ಕಾದ ಕಬ್ಬಿಣದ ವಾಸನೆ ಬಂತು, ತೊಡೆಗೆ ಸೀಟಿನ ಸ್ಪ್ರಿಂಗು ಚುಚ್ಚಿತು. ಬೇರೇನೂ ಇಲ್ಲ. ಇಳಿದು, ಇದೇ ಇರಲಿ ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ, ಅವನು ಗೊತ್ತುಮಾಡಿದ್ದು ಇದನ್ನೇ ಇರಬಹುದೇ, ಅಥವಾ ಆ ಬಣ್ಣ ಹೊಡೆದದ್ದನ್ನೋ ಎಂಬ ಯೋಚನೆ ಬಂತು. ಬಂದು, ಹೆಚ್ಚು ಹೊತ್ತು ನಿಲ್ಲದೆ ಹೋಯಿತು. ಯಾವುದೆಂದು ಅವರಿಗೆ ಮುಂದೆಯೂ ತಿಳಿಯಲಿಲ್ಲ.

ಡಾಡ್ಜನ್ನು ಲಾರಿಯೊಂದರ ಹಿಂದೆ ಕಟ್ಟಿ ತರೀಕೆರೆಗೆ ಎಳೆಸಿದರು. ಲಕ್ಕಣ್ಣನ ಗ್ಯಾರೇಜು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ತೀರ್ಥಮ್ಮ ವಾರಕ್ಕೊಮ್ಮೆ ಅಜ್ಜಂಪುರದಿಂದ ಬಸ್ಸು ಹತ್ತಿ ನೋಡಲು ಬರುತ್ತಿದ್ದಳು. ಗಂಡ ಸತ್ತು ವರ್ಷ ತುಂಬಿಲ್ಲ, ಗ್ಯಾರೇಜಿಗೆ ಹೋಗಿ ಕೂರುತ್ತಾಳೆ ಎಂದು ಊರಲ್ಲಿ ಮಾತಾಯಿತು. ಅವಳ ಕಿವಿಗೂ ಬಿತ್ತು. ಬೇರೆ ಕಾಲವಾಗಿದ್ದರೆ ನೊಂದುಕೊಳ್ಳುತ್ತಿದ್ದಳು, ಹೋಗುವುದನ್ನು ಬಿಡುತ್ತಿದ್ದಳೋ ಏನೋ. ಈಗ ಅದು ಪಕ್ಕದ ಮನೆಯವರ ಸುದ್ದಿಯ ಹಾಗೆ ಕೇಳಿಸಿತು.

ಗ್ಯಾರೇಜಿನಲ್ಲಿ ಅವಳು ಒಂದು ಖಾಲಿ ಡ್ರಮ್ಮಿನ ಮೇಲೆ ಕೂತಿರುತ್ತಿದ್ದಳು. ಗಾಡಿಯ ಮೈಯನ್ನೆಲ್ಲ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಉದ್ದನೆಯ ಎರಡು ಕಬ್ಬಿಣದ ತೊಲೆಗಳು, ನಾಲ್ಕು ಗಾಲಿಗಳು ಮಾತ್ರ ಉಳಿದಿದ್ದವು. ತುಕ್ಕು ಉಜ್ಜಿ ಕೆಂಪು ಬಳಿದರು. ಭದ್ರಾವತಿ ಕಡೆ ಉರುಳಿಬಿದ್ದಿದ್ದ ಲಾರಿಯೊಂದರ ಡೀಸೆಲ್ ಇಂಜಿನ್ ತಂದು ಕೂರಿಸಿದರು. ಅದು ಹಳೆಯ ಗೇರ್ ಬಾಕ್ಸಿಗೆ ಹೊಂದದೆ, ನಡುವೆ ದಪ್ಪ ತಗಡಿನ ಬಿಲ್ಲೆ ಕೊಯ್ಯಿಸಿ ಕೂಡಿಸುವಷ್ಟರಲ್ಲಿ ಯುಗಾದಿ ಕಳೆಯಿತು. ಹಿಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರು. ಟೈರು ಆಳವಾದ ಹಲ್ಲಿನವೇ ಬೇಕು, ಎರೆಮಣ್ಣು ತುಂಬಿಕೊಂಡರೂ ತಿರುಗುವಾಗ ಉದುರಿಹೋಗಬೇಕು ಎಂದು ತೀರ್ಥಮ್ಮ ಹೇಳಿದಳು. ಇದೂ ಅವನ ಮಾತೇ. ಲಕ್ಕಣ್ಣ ಅಂಥವನ್ನೇ ಹುಡುಕಿ ತಂದ.

ಒಂದು ಮಧ್ಯಾಹ್ನ ಗಾಡಿಯ ಹಿಂಭಾಗಕ್ಕೆ ಹಲಗೆ ಕೂರಿಸುವ ಮಾತು ಬಂತು. ಚೀಲ ಒಟ್ಟಲು ಪಕ್ಕದ ಹಲಗೆಗಳು ಎತ್ತರ ಇರಲಿ ಎಂದಳು. ಲಕ್ಕಣ್ಣ ಕೈ ಒರೆಸಿಕೊಳ್ಳುತ್ತ ನಿಂತ.

"ಹೇಳ್ಬೇಕೋ ಬ್ಯಾಡ್ವೋ ಗೊತ್ತಿಲ್ಲ ಅಕ್ಕಾರೆ. ಯಜಮಾನ್ರು ನನ್ ತಾವ ಈರುಳ್ಳಿ ವಿಚಾರ ಒಂದಿನಾನೂ ಎತ್ತಿದೋರಲ್ಲ."

"ಮತ್ತೆ?"

"ಲಿಂಗದಹಳ್ಳಿ ಆಚೆ ಗುಡ್ಡ ಐತಲ್ಲ, ಅದಕ್ಕೆ ಹತ್ತಿಸ್ಬೇಕು ಅನ್ನೋರು. ದಾರಿ ಇಲ್ಲದ ಕಡೆ ಹೋಗೋ ಗಾಡಿ ಬೇಕು ಲಕ್ಕಣ್ಣ, ಒಂದ್ಸಲ ತುದೀಗಂಟ ಹೋಗಿ ನಿಲ್ಲಿಸ್ಬೇಕು ಅನ್ನೋರು. ಇಲ್ಲಿಗೆ ಬಂದಾಗೆಲ್ಲ ಅದೇ."

ಮೇಲೆ ಏನಿದೆ ಎಂದು ಅವಳು ಕೇಳಿದಳು. ಏನೂ ಇಲ್ಲ, ಹುಲ್ಲು, ಗಾಳಿ, ಎಂದ ಲಕ್ಕಣ್ಣ. ತಾನೂ ಅವರನ್ನು ಅದನ್ನೇ ಕೇಳಿದ್ದೆ, ನಕ್ಕುಬಿಡುತ್ತಿದ್ದರು ಎಂದ.

ತೀರ್ಥಮ್ಮ ಡ್ರಮ್ಮಿನ ಮೇಲೆ ಕೂತೇ ಇದ್ದಳು. ಇಷ್ಟು ವರ್ಷ ಅವನು ತನ್ನ ಮುಂದೆ ಈರುಳ್ಳಿ, ಎರೆಹೊಲ, ಕೊಳೆಯುವ ಗಡ್ಡೆ ಎಂದು ಹೇಳಿದ್ದೆಲ್ಲ ತನಗೆ ಒಪ್ಪಿಗೆಯಾಗಲಿ ಎಂದು. ಸಿಟ್ಟು ಬರಬೇಕಿತ್ತು. ಸಿಟ್ಟಿಗಾಗಿ ಒಳಗೆ ತಡಕಿ ನೋಡಿದಳು, ಸಿಗಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡಳು. ಹೇಳಿದ್ದರೆ ನಗುತ್ತಿದ್ದೆ, ಕೆಲಸವಿಲ್ಲವಾ ನಿಮಗೆ ಎನ್ನುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ಅಲ್ಲಿಗೆ ಆ ಯೋಚನೆ ಮುಗಿದುಹೋಯಿತು. ಬಸ್ಸಿಗೆ ಹೊತ್ತಾಗಿತ್ತು, ಎದ್ದಳು. ಬಾಗಿಲಲ್ಲಿ ನಿಂತು, ಇದು ಹತ್ತುತ್ತದಾ ಎಂದು ಕೇಳಿದಳು. ಹತ್ತುತ್ತೆ ಎಂದ ಲಕ್ಕಣ್ಣ.

ವೈಶಾಖದ ಕೊನೆಯಲ್ಲಿ ಗಾಡಿ ಸಿದ್ಧವಾಯಿತು. ಮುಂಗಾರು ಹಿಡಿಯುವ ಮೊದಲೇ ಒಂದು ಬೆಳಗ್ಗೆ ಮೂವರೂ ಲಿಂಗದಹಳ್ಳಿ ದಾಟಿ ಗುಡ್ಡದ ಬುಡಕ್ಕೆ ಹೋದರು. ಜಯದೇವಪ್ಪ ಓಡಿಸುತ್ತಿದ್ದ. ಮೊದಮೊದಲು ಸೌದೆಯವರ ಗಾಡಿಜಾಡು ಇತ್ತು, ಒಂದು ಹಳ್ಳ ದಾಟಿದ ಮೇಲೆ ಅದೂ ಇರಲಿಲ್ಲ. ಅಲ್ಲಿ ಲಕ್ಕಣ್ಣ ಇಳಿದು ಮುಂದೆ ಮುಂದೆ ನಡೆಯತೊಡಗಿದ. ಕಲ್ಲು ಕಂಡಲ್ಲಿ ಕೈಯೆತ್ತಿ ಎಡಕ್ಕೆ ಬಲಕ್ಕೆ ತೋರಿಸುತ್ತಿದ್ದ. ಜಯದೇವಪ್ಪ ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವ ಸನ್ನೆಕೋಲು ಎಳೆದು, ತೀರ ಕೆಳಗಿನ ಗೇರಿಗೆ ಹಾಕಿದ. ಗಾಡಿ ಮನುಷ್ಯರ ನಡಿಗೆಗಿಂತ ನಿಧಾನವಾಗಿ, ಆದರೆ ನಿಲ್ಲದೆ, ಗೊರಗೊರ ಎನ್ನುತ್ತ ಏರಿತು. ಒಂದೊಂದು ಗಾಲಿ ಒಂದೊಂದು ಕಲ್ಲಿನ ಮೇಲೆ ಹತ್ತಿ ಇಳಿಯುವಾಗ ತೀರ್ಥಮ್ಮನ ಮೈ ಒಮ್ಮೆ ಬಾಗಿಲಿಗೆ, ಒಮ್ಮೆ ಮೈದುನನ ಭುಜಕ್ಕೆ ಬಡಿಯುತ್ತಿತ್ತು. ಕಿಟಕಿಯಿಂದ ಒಮ್ಮೊಮ್ಮೆ ಬರೀ ಆಕಾಶ, ಒಮ್ಮೊಮ್ಮೆ ಬರೀ ಇಳಿಜಾರು. ಹೆದರಿಕೆಯಾಗಲಿಲ್ಲ. ಉರುಳಿದರೆ ಉರುಳಲಿ ಎಂದೂ ಅನ್ನಿಸಲಿಲ್ಲ. ಸುಮ್ಮನೆ ಬಾಗಿಲ ಹಿಡಿಕೆ ಹಿಡಿದು ಕೂತಿದ್ದಳು.

ತುದಿಗೆ ಸ್ವಲ್ಪ ಕೆಳಗೆ ಸಡಿಲ ಜಲ್ಲಿಯ ಏರು. ಅಲ್ಲಿ ನಾಲ್ಕೂ ಗಾಲಿ ಜಾರಿದವು. ಲಕ್ಕಣ್ಣ ಮೂತಿಯ ರಾಟೆಯಿಂದ ಉಕ್ಕಿನ ಹಗ್ಗ ಬಿಚ್ಚಿ ಎಳೆದುಕೊಂಡು ಹೋಗಿ ಮೇಲಿನ ಬಂಡೆಗೆ ಸುತ್ತಿ ಬಂದ. ಹಗ್ಗ ಬಿಗಿಯಾಯಿತು, ಗಾಡಿ ಬುಡಬುಡ ನಡುಗುತ್ತ ತನ್ನನ್ನು ತಾನು ಎಳೆದುಕೊಂಡು ಮೇಲಕ್ಕೆ ಬಂದು ನಿಂತಿತು.

ಲಕ್ಕಣ್ಣ ಹೇಳಿದಂತೆ ಅಲ್ಲಿ ಏನೂ ಇರಲಿಲ್ಲ. ಮೊಣಕಾಲೆತ್ತರದ ಒಣಹುಲ್ಲು, ಒಂದೇ ಸಮ ಗಾಳಿ. ಕೆಳಗೆ ತರೀಕೆರೆಯ ಕಡೆಯ ಕೆರೆಗಳು ಬಿಸಿಲಿಗೆ ತಗಡಿನ ಹಾಗೆ ಕಾಣುತ್ತಿದ್ದವು. ಜಯದೇವಪ್ಪ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಮುಖ ಇಟ್ಟು ಅಳಲು ಶುರುಮಾಡಿದ. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಲಕ್ಕಣ್ಣ ಆಚೆ ಹೋಗಿ ಬೀಡಿ ಹಚ್ಚಿದ.

ತೀರ್ಥಮ್ಮ ಮೈದುನನ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಏರಿಳಿಯುವುದು ಅಂಗೈಗೆ ತಿಳಿಯುತ್ತಿತ್ತು. ತನಗೂ ಈಗ ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಆದರೂ ಕೈ ತೆಗೆಯಲಿಲ್ಲ.

"ಅಣ್ಣ ನಂಗೂ ಹೇಳಿರ್ಲಿಲ್ಲ ಅತ್ತಿಗೆ," ಎಂದ ಅವನು ಆಮೇಲೆ.

"ನಂಗೂ ಹೇಳಿರ್ಲಿಲ್ಲ ಬಿಡು."

ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಚಟ್ನಿಪುಡಿಯನ್ನು ಗಾಡಿಯ ನೆರಳಲ್ಲಿ ಕೂತು ತಿಂದು, ಬಿಸಿಲಿಳಿಯುವ ಮೊದಲೇ ಕೆಳಗಿಳಿದರು.

ಆ ವರ್ಷ ಈರುಳ್ಳಿ ಕೀಳುವ ಹೊತ್ತಿಗೆ ಮಳೆ ಬಿಡದೆ ಹೊಡೆಯಿತು. ಶಿವನಿ ಕಡೆಯ ರೈತ ಕಲ್ಲೇಶಪ್ಪ ಮೊದಲು ಬಂದು ಕೇಳಿದ. ಕಿತ್ತ ಗಡ್ಡೆಯೆಲ್ಲ ಹೊಲದಲ್ಲಿದೆ, ಎತ್ತುಗಳ ಕಾಲೇ ಏಳುತ್ತಿಲ್ಲ ಎಂದ. ತೀರ್ಥಮ್ಮನೂ ಗಾಡಿಯಲ್ಲಿ ಹೋದಳು. ಹೋಗುವಾಗ ಸುಲಭವಾಗಿ ಇಳಿದ ಗಾಡಿ, ಚೀಲ ತುಂಬಿಕೊಂಡು ಬರುವಾಗ ಹೊಲದ ನಡುವೆ ಹೂತಿತು. ಜಯದೇವಪ್ಪ ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿದ, ಗಾಲಿಗಳು ಇದ್ದಲ್ಲೇ ತಿರುಗಿ ಇನ್ನಷ್ಟು ಕೆಳಗಿಳಿದವು. ತೀರ್ಥಮ್ಮ ಇಳಿದಳು. ಮಣ್ಣು ಮೀನಖಂಡದವರೆಗೆ ಬಂತು, ಒಂದು ಚಪ್ಪಲಿ ಒಳಗೇ ಉಳಿಯಿತು.

"ತಿರುಗಿಸ್ಬೇಡ ಕಣೋ. ಟೈರಿನ ಗಾಳಿ ಅರ್ಧ ಬಿಡು, ಅಗಲ ಆಗುತ್ತೆ. ಆಮೇಲೆ ಮೆತ್ತಗೆ ಹಿಂದಕ್ಕೆ ತಗೊ, ಬಂದ ಜಾಡಲ್ಲೇ."

ಗಾಳಿ ಬಿಟ್ಟು, ಗಾಲಿಗಳ ಕೆಳಗೆ ಈರುಳ್ಳಿ ಸೊಪ್ಪು ತುರುಕಿ, ಮೆತ್ತಗೆ ಹಿಂದಕ್ಕೆ ತೆಗೆದಾಗ ಗಾಡಿ ಎದ್ದಿತು. ಆಮೇಲೆ ಆ ತಿಂಗಳೆಲ್ಲ ಡಾಡ್ಜು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಓಡಾಡಿತು. ರೇವಣಪ್ಪ ಹೆಂಡತಿಗೆ ಹೇಳಿದ್ದು ನೆಪಕ್ಕಾದರೂ, ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು.

ಒಂದು ಸಂಜೆ ಗಾಡಿ ತಮ್ಮದೇ ಹೊಲದ ಕಡೆ ಹೊರಡುವುದರಲ್ಲಿತ್ತು. ಸಾವಿತ್ರಮ್ಮ ಸೆರಗು ಹೊದ್ದು ಬಂದು, ಗಾಡಿಯ ಬಾಗಿಲ ಹತ್ತಿರ ನಿಂತರು. ಮಳೆ ಶುರುವಾದ ಮೇಲೆ ಮಗನ ಸಮಾಧಿಯ ಹತ್ತಿರ ಹೋಗಲಾಗಿರಲಿಲ್ಲ ಅವರಿಗೆ. ತೀರ್ಥಮ್ಮ ಕೈಕೊಟ್ಟು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಮುದುಕಿ ಸೊಸೆಯ ತೋಳು ಹಿಡಿದುಕೊಂಡಿದ್ದರು. ಸಮಾಧಿಯ ಮೇಲಿನ ಮಣ್ಣು ಮಳೆಗೆ ಕುಸಿದಿತ್ತು. ಅದನ್ನು ಇಬ್ಬರೂ ಕೈಯಿಂದ ಎಳೆದು ಸರಿಮಾಡಿ, ಪತ್ರೆ ಇಟ್ಟರು.

"ಗಾಡಿ ತಿಂತು ಅಂದೆ ನಾನು," ಎಂದರು ಸಾವಿತ್ರಮ್ಮ, ಕೈ ತೊಳೆಯುತ್ತ. "ಏನಾರ ಒಂದು ಅನ್ಬೇಕಿತ್ತು ಕಣೇ. ಸುಮ್ಕೆ ಹೋದ ಅಂದ್ರೆ ಹೆಂಗೆ ತಡ್ಕಳಾದು."

ತೀರ್ಥಮ್ಮ ಹೂಂ ಎಂದಳು. ಅಂದಿನಿಂದ ಅತ್ತೆ ಮತ್ತೆ ಮಾತಾಡತೊಡಗಿದರು.

ಮೂರನೆಯ ಮಳೆಗಾಲದಲ್ಲಿ ಲಕ್ಕಣ್ಣ ಎಚ್ಚರಿಸಿದ್ದು ಆಯಿತು. ಮುಂದಿನ ಗಾಲಿಯ ಜಾಯಿಂಟು ಮುರಿದು, ಅಂಥದ್ದು ಎಲ್ಲೂ ಸಿಗದೆ, ಭದ್ರಾವತಿಯ ಲೇತಿನಲ್ಲಿ ಮಾಡಿಸಿ ತರುವವರೆಗೆ ಗಾಡಿ ಮಂಡಿಯ ಮುಂದೆ ಸುಮ್ಮನೆ ನಿಂತಿತ್ತು. ಸುಗ್ಗಿಯ ಅರ್ಧ ಹೋಯಿತು. ಜಾಯಿಂಟು ಬಂದು ಕೂರಿಸಿ, ಇನ್ನೇನು ಹೊರಡಬೇಕು ಅನ್ನುವಾಗ ಇಂಜಿನ್ ಹತ್ತಲಿಲ್ಲ. ನಿಂತಿದ್ದ ಅಷ್ಟು ದಿನವೂ ಜಯದೇವಪ್ಪ ಬ್ಯಾಟರಿಗೆ ನೀರು ಹಾಕುವುದಿರಲಿ, ಮುಚ್ಚಳ ತೆಗೆದೂ ನೋಡಿರಲಿಲ್ಲ.

ತೀರ್ಥಮ್ಮ ಮಂಡಿಯ ಕಟ್ಟೆಯ ಮೇಲೆ ನಿಂತು ಅವನನ್ನು ಬೈದಳು. ಮೊದಲು ಮಾಮೂಲಿ ದನಿಯಲ್ಲೇ ಶುರುವಾದದ್ದು ಏರುತ್ತ ಹೋಯಿತು. ತಲೆಯಲ್ಲಿ ಏನಿದೆ ನಿನಗೆ, ಇಷ್ಟೊಂದು ಜನ ಹೊಲದಲ್ಲಿ ಕಾಯ್ತಾ ಕೂತಿದ್ದಾರೆ, ಒಂದು ಚೊಂಬು ನೀರು ಹಾಕೋಕಾಗಲಿಲ್ಲವಾ ಎಂದು ಕೂಗಿದಳು. ಹಮಾಲಿಗಳು ಚೀಲ ಹೊತ್ತವರು ಹಾಗೇ ನಿಂತರು. ಟಿಕೇಟು ತೆಗೆಸಲು ಹೊರಟಿದ್ದ ಜನ ತಿರುಗಿ ನೋಡಿದರು. ಅವಳ ಕೈ ತಾನಾಗಿ ಮೇಲೆದ್ದಿತ್ತು, ಕಿವಿಯವರೆಗೆ ರಕ್ತ ಏರಿತ್ತು. ನಡುವೆಯೇ ಮಾತು ನಿಂತುಹೋಯಿತು. ಇದೇನು ಎಂದು ತನ್ನ ಕೈಯನ್ನೇ ನೋಡಿಕೊಂಡಳು. ಸಿಟ್ಟು ಬಂದಿತ್ತು. ಬಹಳ ಕಾಲದ ಮೇಲೆ ಬಂದಿತ್ತು. ಒಳಗೆ ಹೋಗಿ ನೀರು ಕುಡಿದು, ಒಲೆಯ ಮುಂದೆ ಕೂತಳು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಸಾವಿತ್ರಮ್ಮ ಬಂದು ನೋಡಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೋದರು.

ಅಂದಿನಿಂದ ಎಲ್ಲ ಸರಿಹೋಯಿತು ಎಂದೇನಲ್ಲ. ಕೆಲವು ದಿನ ಏನಾದರೂ ಅನ್ನಿಸುತ್ತಿತ್ತು, ಬಹಳ ದಿನ ಅನ್ನಿಸುತ್ತಿರಲಿಲ್ಲ. ಮಂಡಿಯನ್ನು ಅವಳೇ ನೋಡಿಕೊಂಡಳು. ಜಯದೇವಪ್ಪನ ಮದುವೆ ಮಾಡಿದಳು. ಸಾವಿತ್ರಮ್ಮ ಎಂಬತ್ತನಾಲ್ಕನೇ ಇಸವಿಯಲ್ಲಿ ಹೋದರು. ಅಷ್ಟರಲ್ಲಿ ಹಳ್ಳಿಗಳ ರಸ್ತೆಗೆ ಜಲ್ಲಿ ಬಿತ್ತು, ಊರಿಗೆ ನಾಲ್ಕಾರು ಟ್ರ್ಯಾಕ್ಟರು ಬಂದವು. ಡಾಡ್ಜಿಗೆ ಕೆಲಸ ಕಮ್ಮಿಯಾಯಿತು, ಸಾಮಾನಿನ ತಾಪತ್ರಯ ಹೆಚ್ಚಾಯಿತು. ಎಂಬತ್ತಾರರಲ್ಲಿ ತರೀಕೆರೆಯ ಮರದ ವ್ಯಾಪಾರಿಯೊಬ್ಬ ಬಂದು ಕೇಳಿದ. ಅವಳು ಅವನನ್ನು ಗಾಡಿಯ ಕೆಳಗೆ ಮಲಗಿಸಿ, ಎಲ್ಲೆಲ್ಲಿ ಏನೇನು ಬದಲಾಗಿದೆ ಎಂದು ಒಂದೂ ಮುಚ್ಚಿಡದೆ ಹೇಳಿ, ಗಾಡಿ ಮಾರಿದಳು.

ಗಾಡಿ ಹೋದ ಮೇಲೆ ಅದು ನಿಲ್ಲುತ್ತಿದ್ದ ಜಾಗದಲ್ಲಿ ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು. ತೀರ್ಥಮ್ಮ ಒಲೆಯ ಬೂದಿ ತಂದು ಅದರ ಮೇಲೆ ಚೆಲ್ಲಿ, ಕಾಲಲ್ಲಿ ಉಜ್ಜಿ, ಗುಡಿಸಿದಳು. ಪೂರ್ತಿ ಹೋಗಲಿಲ್ಲ. ಹೊಸದುರ್ಗದ ಕಡೆಯಿಂದ ಎರಡು ಲಾರಿ ಬಂದು ಮಂಡಿಯ ಮುಂದೆ ಹಾರನ್ ಹೊಡೆಯುತ್ತಿದ್ದವು. ಪೊರಕೆಯನ್ನು ಮೂಲೆಗಿಟ್ಟು, ಬಂದೆ ತಡೀರಿ ಎಂದು ಹೋದಳು.